ಮಗಳು ಟಿವಿ ಚಾನೆಲ್‌ಗೆ ಹೋಗಲಿ

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಓದುಗರೊಬ್ಬರು ಬರೆದಿದ್ದಾರೆ: ‘ಮಗಳು ಮಂಗಳೂರಿನಲ್ಲಿ ಪತ್ರಿಕೋದ್ಯಮ ಓದಿದ್ದಾಳೆ. ಬೆಂಗಳೂರಿನ ಮನರಂಜನಾ ಚಾನೆಲ್ ಒಂದರ ಶೆಡ್ಯೂಲಿಂಗ್ ವಿಭಾಗದಲ್ಲಿ ಕೆಲಸ ಸಿಕ್ಕಿದೆ. ಮುಂದೆ ಚಾನೆಲ್ ಮುಖ್ಯಸ್ಥೆ ಆಗ್ತೇನೆ ಅನ್ನುತ್ತಾಳೆ. ಅದು ಎಂಥ ಕೆಲಸ? ಕೇರಳದ ಕನ್ನಡಿಗರನ್ನು ಅಲ್ಲಿ ಯಾರು ಕೇಳುತ್ತಾರೆ? ಊರಲ್ಲೇ ಬಿ.ಎಡ್. ಮಾಡಿಸಿದರೆ ಒಳ್ಳೆಯದಲ್ವಾ?’

ಉತ್ತರ: ಮಗಳನ್ನು ಕಳಿಸಿಕೊಡಿ. ಟೀಚರ್ ಕೆಲಸದ ಬಗ್ಗೆ ನನಗೆ ತುಂಬಾ ಗೌರವವಿದೆ. ಆದರೆ ಇಷ್ಟಪಟ್ಟು ಸಂಪಾದಿಸಿದ ಕೆಲಸವನ್ನು ಹೆದರಿಕೆಗೆ ಬಿಡಿಸಬೇಡಿ.

ಶೆಡ್ಯೂಲಿಂಗ್ ಅಂದರೆ ಯಾವ ಧಾರಾವಾಹಿ ಎಷ್ಟು ಗಂಟೆಗೆ, ಎದುರಿನ ಚಾನೆಲ್‌ನಲ್ಲಿ ಆಗ ಏನಿದೆ, ಪ್ರೋಮೊ ಎಲ್ಲಿ ಹಾಕಬೇಕು ಎಂದು ತೀರ್ಮಾನಿಸುವ ಕೆಲಸ. ನಿಯಮದ ಪ್ರಕಾರ ಗಂಟೆಗೆ 12 ನಿಮಿಷಕ್ಕಿಂತ ಜಾಸ್ತಿ ಜಾಹೀರಾತು ಹಾಕುವಂತಿಲ್ಲ. ಚಾನೆಲ್‌ನ ಸ್ವಂತ ಪ್ರೋಮೊಗಳೂ ಅದರಲ್ಲೇ ಸೇರಬೇಕು. ಕಥೆ, ಹಣ, ವೀಕ್ಷಕರು ಮೂರೂ ಒಂದೇ ಮೇಜಿಗೆ ಬರುತ್ತವೆ. ಚಾನೆಲ್ ನಡೆಸುವುದನ್ನು ಕಲಿಯಲು ಇದು ಒಳ್ಳೆಯ ಜಾಗ. ಇಲ್ಲಿಂದ ಮುಂದೆ ಧಾರಾವಾಹಿಗಳನ್ನು ನೋಡಿಕೊಳ್ಳುವ ಫಿಕ್ಷನ್ ವಿಭಾಗ, ಆಮೇಲೆ ಎಲ್ಲ ಕಾರ್ಯಕ್ರಮಗಳ ಹೊಣೆಯ ಪ್ರೋಗ್ರಾಮಿಂಗ್ ಹೆಡ್, ಕೊನೆಗೆ ಬ್ಯುಸಿನೆಸ್ ಹೆಡ್, ಅಂದರೆ ನಿಮ್ಮ ಮಗಳು ಹೇಳುವ ಚಾನೆಲ್ ಮುಖ್ಯಸ್ಥೆ. ದಾರಿ ಎಲ್ಲರಿಗೂ ಹೀಗೇ ಇರುವುದಿಲ್ಲ. ಕೆಲವರು ಜಾಹೀರಾತು ಮಾರಾಟದಿಂದಲೂ ಮೇಲೆ ಬರುತ್ತಾರೆ.

ಪತ್ರಿಕೋದ್ಯಮ ಓದಿದವರಿಗೆ ಇದು ಆಗುತ್ತದಾ ಎಂಬ ಅನುಮಾನ ಬೇಡ. ನಮ್ಮ ಮನೆಗಳಲ್ಲಿ ವರ್ಷಗಟ್ಟಲೆ ನೋಡಿದ ಏಷ್ಯಾನೆಟ್ ಅನ್ನು 1993ರಲ್ಲಿ ಕಟ್ಟಿದ ಶಶಿಕುಮಾರ್ ಪತ್ರಕರ್ತರೇ. ‘ದಿ ಹಿಂದೂ’ ಪತ್ರಿಕೆಗೆ ಪಶ್ಚಿಮ ಏಷ್ಯಾದಿಂದ ವರದಿ ಮಾಡಿದವರು, ದೂರದರ್ಶನದಲ್ಲಿ ಇಂಗ್ಲಿಷ್ ವಾರ್ತೆ ಓದಿದವರು, ಸುದ್ದಿಸಂಸ್ಥೆ ಪಿಟಿಐನ ಟಿವಿ ವಿಭಾಗ ನಡೆಸಿದವರು. ಖಾಸಗಿಯವರು ಭಾರತದ ನೆಲದಿಂದ ಉಪಗ್ರಹಕ್ಕೆ ಕಾರ್ಯಕ್ರಮ ಕಳಿಸುವಂತೆಯೇ ಇರಲಿಲ್ಲ ಆಗ. ಅಂಥ ಕಾಲದಲ್ಲಿ ಅವರು ಮಲಯಾಳಂನ ಮೊದಲ ಉಪಗ್ರಹ ಚಾನೆಲ್ ಶುರು ಮಾಡಿದರು.

ಇನ್ನು ‘ಯಾರು ಕೇಳುತ್ತಾರೆ’ ಎಂಬ ಮಾತು. ನಿಮ್ಮ ಪತ್ರದಲ್ಲಿ ನನ್ನನ್ನು ಜಾಸ್ತಿ ಕಾಡಿದ್ದು ಅದೇ. ಕನ್ನಡದ ದೊಡ್ಡ ಮನರಂಜನಾ ಚಾನೆಲ್‌ಗಳು ಹುಟ್ಟಿದ್ದು ಎಲ್ಲಿಂದ ನೋಡಿ. 1994ರ ಉದಯ ಟಿವಿ ಚೆನ್ನೈನ ಸನ್ ಕಂಪನಿಯದ್ದು. 2000ದಲ್ಲಿ ಬಂದ ಈಟಿವಿ ಕನ್ನಡ ಹೈದರಾಬಾದಿನದ್ದು, ಅದೇ ಈಗಿನ ಕಲರ್ಸ್ ಕನ್ನಡ. 2006ರ ಜೀ ಕನ್ನಡ ಮುಂಬೈಯವರದ್ದು. 2007ರಲ್ಲಿ ಸುವರ್ಣ ಶುರು ಮಾಡಿದ್ದು ಇದೇ ಏಷ್ಯಾನೆಟ್. ಕಥೆಗಳೂ ಹಾಗೆಯೇ, ಒಂದು ಭಾಷೆಯಲ್ಲಿ ಗೆದ್ದದ್ದು ಇನ್ನೊಂದರಲ್ಲಿ ರಿಮೇಕ್ ಆಗುತ್ತದೆ. ಕನ್ನಡದಲ್ಲಿ ಡಬ್ಬಿಂಗ್ ತಡೆಯುವುದರ ವಿರುದ್ಧ 2015ರಲ್ಲಿ ಕೇಂದ್ರದ ಸ್ಪರ್ಧಾ ಆಯೋಗದ ಆದೇಶ ಬಂದ ಮೇಲೆ ಅದಕ್ಕೂ ದಾರಿಯಾಯಿತು. ನಿಮ್ಮ ಮಗಳು ಕನ್ನಡದಲ್ಲಿ ಓದಿ, ಪೇಟೆಯಲ್ಲಿ ಮಲಯಾಳಂ ಮಾತಾಡಿ, ತುಳು ಕೇಳುತ್ತಾ ಬೆಳೆದವಳಲ್ವಾ? ಮಲಯಾಳಂ ಧಾರಾವಾಹಿಯೊಂದು ಕನ್ನಡದ ಮನೆಗೆ ಒಗ್ಗುತ್ತದೋ ಇಲ್ಲವೋ ಎಂದು ಮೂಲ ನೋಡಿಯೇ ಹೇಳಬಲ್ಲಳು. ಬೆಂಗಳೂರಿನಲ್ಲೇ ಬೆಳೆದ ಎಷ್ಟೋ ಜನರಿಗೆ ಅದು ಸಾಧ್ಯವಿಲ್ಲ. ಗಡಿಯವರು ಎಂದು ಕುಗ್ಗಿ ಹೋಗುವ ಅಗತ್ಯವೇ ಇಲ್ಲ.

ನೋವಿನ ವಿಷಯವೂ ಒಂದಿದೆ. ಮುಖ್ಯಸ್ಥರ ಕುರ್ಚಿ ನಿಲ್ಲುವುದು ಗುರುವಾರ ಬರುವ ಬಾರ್ಕ್ ರೇಟಿಂಗ್ ಮೇಲೆ. ಯಾವ ಕಾರ್ಯಕ್ರಮವನ್ನು ಎಷ್ಟು ಜನ ನೋಡಿದರು ಎಂದು ಅಳೆಯುವ ಸಂಸ್ಥೆ ಬಾರ್ಕ್. ಕನ್ನಡ ಚಾನೆಲ್‌ಗಳ ಪೈಪೋಟಿಯನ್ನು ಅಳೆಯುವುದು ಕರ್ನಾಟಕದ ಮನೆಗಳನ್ನು ನೋಡಿ. ಕಾಸರಗೋಡು ಕೇರಳದ ಲೆಕ್ಕಕ್ಕೆ ಸೇರುತ್ತದೆ. ಕುಂಬಳೆಯಲ್ಲೋ ಮಂಜೇಶ್ವರದಲ್ಲೋ ಎಷ್ಟು ಮನೆಗಳು ಕನ್ನಡ ಧಾರಾವಾಹಿ ನೋಡಿದರೂ ಆ ಪೈಪೋಟಿಯಲ್ಲಿ ಅವು ಕಾಣುವುದಿಲ್ಲ. ಹಾಗಾಗಿ ನಮ್ಮ ಕಡೆಯ ಮಾತು, ನಮ್ಮ ಬದುಕು ಆ ಕಥೆಗಳಲ್ಲಿ ಅಪರೂಪ. ಇದು ನನಗೆ ನಿಜಕ್ಕೂ ಬೇಸರ ತರುತ್ತದೆ. ಕಥೆ ಆರಿಸುವ ಮೇಜಿನ ಹತ್ತಿರ ನಮ್ಮವರು ಕೂರದೆ ಇದು ಬದಲಾಗುವುದು ಕಷ್ಟ.

ಕೆಲಸಕ್ಕೆ ಸೇರುವ ಮೊದಲು ಎಕ್ಸೆಲ್ ಚೆನ್ನಾಗಿ ಕಲಿಯಲಿ, ರೇಟಿಂಗ್ ಓದುವುದೆಲ್ಲ ಅದರಲ್ಲೇ. ಹಿಂದಿ ಮಾತಾಡಿ ರೂಢಿ ಮಾಡಿಕೊಳ್ಳಲಿ, ಮುಂಬೈ ಮೀಟಿಂಗ್‌ಗಳಿಗೆ ಬೇಕಾಗುತ್ತದೆ. ಧಾರಾವಾಹಿ ಸೆಟ್‌ಗೆ ಹೋಗುವ ಅವಕಾಶ ಸಿಕ್ಕರೆ ಬಿಡದಿರಲಿ. ಬಿ.ಎಡ್. ವಿಚಾರವನ್ನು ಮೂರು ವರ್ಷ ಕಳೆದ ಮೇಲೆ, ಅವಳೇ ಬೇಕೆಂದರೆ ನೋಡೋಣ.