ಹಾಡು ನಿಮ್ಮ ದನಿಗೆ ಕೂರ್ತಾ ಇದ್ಯಾ? ಕರೋಕೆ ಹಾಡೋರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದಿರೋ ಪ್ರಶ್ನೆಗಳಲ್ಲಿ ಮುಕ್ಕಾಲು ಭಾಗ ಕರೋಕೆ ಬಗ್ಗೇನೇ ಇವೆ. ನಾನು ಮೈಸೂರಲ್ಲಿ ಸುಗಮ ಸಂಗೀತ ಕಲಿಸ್ತೀನಿ, ಅದಕ್ಕೂ ಮುಂಚೆ ಬಹಳ ವರ್ಷ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸಿದೀನಿ. ಸ್ಟೇಜ್ ಮೇಲೆ ಗಾಯಕರು ಬಂದ ತಕ್ಷಣ ನಾವು ಕೇಳ್ತಿದ್ದ ಮೊದಲ ಪ್ರಶ್ನೆ "ಸ್ಕೇಲ್ ಎಷ್ಟು?" ಅಂತ, ಅಂದ್ರೆ ಯಾವ ಶ್ರುತಿಯಲ್ಲಿ ಹಾಡ್ತೀರ ಅಂತ. ಕರೋಕೆ ಟ್ರ್ಯಾಕ್ ಆ ಪ್ರಶ್ನೆ ಕೇಳಲ್ಲ, ನೇರ ಶುರುವಾಗ್ಬಿಡತ್ತೆ. ನಿಮ್ಮಲ್ಲಿ ಬಹಳ ಜನರ ಕಷ್ಟಕ್ಕೆ ಮೂಲ ಇದೇ.

ಪ್ರಶ್ನೆ: ದಾವಣಗೆರೆಯವನು, 41 ವರ್ಷ. ನನ್ನ ದನಿ ದಪ್ಪ. ಸೋನು ನಿಗಮ್ ಅವರ ಹಾಡು ಅಂದ್ರೆ ಪ್ರಾಣ. ಹೋದ ನವೆಂಬರ್‌ನಲ್ಲಿ ನಮ್ಮ ಬಡಾವಣೆ ರಾಜ್ಯೋತ್ಸವಕ್ಕೆ ಅವರದ್ದೇ ಒಂದು ಹಾಡು ಹಾಡಿದೆ, ಪಲ್ಲವಿ ಚೆನ್ನಾಗೇ ಬಂತು, ಚರಣಕ್ಕೆ ಹೋಗ್ತಿದ್ದಂಗೆ ದನಿ ಒಡೆದು ಚೀರಿದಂಗಾಯ್ತು. ಜನ ಚಪ್ಪಾಳೆ ತಟ್ಟಿದ್ರು, ಆದ್ರೆ ನನಗೆ ರಾತ್ರಿ ನಿದ್ದೆ ಬರ್ಲಿಲ್ಲ. ನನ್ನಂಥವರು ಹಾಡೋದು ಬಿಟ್ಟುಬಿಡ್ಬೇಕಾ?

ಉತ್ತರ: ಖಂಡಿತ ಬಿಡ್ಬೇಡಿ ಸರ್. ನಿಮ್ಮ ದನಿಯಲ್ಲಿ ಏನೂ ದೋಷ ಇಲ್ಲ. ಪಲ್ಲವಿ ಬಂತು ಚರಣ ಬರ್ಲಿಲ್ಲ ಅಂತ ನೀವೇ ಬರ್ದಿದೀರಲ್ಲ, ಉತ್ತರ ಅದ್ರಲ್ಲೇ ಇದೆ. ನಮ್ಮ ಸಿನಿಮಾ ಹಾಡುಗಳು ಹೆಚ್ಚಿನವು ಕಟ್ಟಿರೋದೇ ಹಾಗೆ, ಪಲ್ಲವಿ ಮಧ್ಯ ಸ್ಥಾಯಿಯಲ್ಲಿ ಆರಾಮಾಗಿ ಓಡಾಡತ್ತೆ, ಇಂಟರ್‌ಲೂಡ್ ಮುಗಿದು ಚರಣ ಬಂತು ಅಂದ್ರೆ ತಾರ ಷಡ್ಜದ ಕಡೆ, ಅಂದ್ರೆ ಮೇಲಿನ ಸಾ ಕಡೆ ಹತ್ತತ್ತೆ, ಕೆಲವು ಹಾಡಲ್ಲಿ ಅದನ್ನೂ ದಾಟಿ ತಾರ ಗಾಂಧಾರ, ಮಧ್ಯಮದ ತನಕ ಹೋಗತ್ತೆ. ಮನೇಲಿ ನಾವು ಗುನುಗೋದು ಬರೀ ಪಲ್ಲವಿ, ಅದೂ ಗಂಟಲಿಗೆ ಹಿತವಾಗಿರೋ ಶ್ರುತಿ ತಾನಾಗೇ ಹಿಡ್ಕೊಂಡು. ಅದನ್ನ ನಂಬ್ಕೊಂಡು "ಈ ಹಾಡು ನನಗೆ ಬರತ್ತೆ" ಅಂತ ಹೆಸರು ಕೊಟ್ಬಿಡ್ತೀವಿ. ಹಾಗಾಗಿ ನಾನು ಎಲ್ಲರಿಗೂ ಹೇಳೋದು, ಹಾಡು ಆರಿಸೋವಾಗ ಪಲ್ಲವಿ ಹಾಡಿ ನೋಡ್ಬೇಡಿ, ಮೊದಲು ಚರಣದ ಅತೀ ಎತ್ತರದ ಸಾಲು ಹಾಡಿ ನೋಡಿ, ಅದೂ ಟ್ರ್ಯಾಕ್ ಹಾಕ್ಕೊಂಡೇ. ಒಂದ್ಸಲ ಬಂದ್ರೆ ಸಾಲದು, ಮೂರು ಸಲ ಬಿಡದೆ ಬರ್ಬೇಕು, ಯಾಕಂದ್ರೆ ಎರಡನೇ ಚರಣದ ಹೊತ್ತಿಗೆ ಗಂಟಲು ದಣಿದಿರತ್ತೆ.

ಇದಕ್ಕಿಂತ ಮುಖ್ಯವಾದ್ದು ಇನ್ನೊಂದಿದೆ. ಹಾಡು ಒಂದು ಕ್ಷಣ ಎಷ್ಟು ಎತ್ತರಕ್ಕೆ ಹೋಗತ್ತೆ ಅನ್ನೋದಕ್ಕಿಂತ ಹೆಚ್ಚು ಹೊತ್ತು ಎಲ್ಲಿ ಕೂತಿರತ್ತೆ ಅಂತ ನೋಡ್ಬೇಕು. ಒಂದೇ ಒಂದು ಕಡೆ ಮೇಲೆ ಮುಟ್ಟಿ ಬರೋ ಹಾಡನ್ನ ದಪ್ಪ ದನಿಯವರೂ ನಿಭಾಯಿಸ್ತಾರೆ, ಆದ್ರೆ ನಾಲ್ಕು ಸಾಲು ಪೂರ್ತಿ ತಾರ ಷಡ್ಜದ ಸುತ್ತಾನೇ ಸುತ್ತೋ ಹಾಡು ಇದ್ಯಲ್ಲ, ಅದು ಎತ್ತರ ಕಮ್ಮಿ ಅನ್ನಿಸಿದ್ರೂ ಗಂಟಲನ್ನ ಹಿಂಡಿಬಿಡತ್ತೆ.

ಕೆಲವು ವರ್ಷದ ಹಿಂದೆ ನನ್ನ ಹತ್ರ ಒಬ್ಬ ಆಟೋ ಡ್ರೈವರ್ ಬರ್ತಿದ್ರು, ನಿಮ್ಮ ಹಾಗೇ ದಪ್ಪ ದನಿ. ಮಗಳ ಮದುವೆ ಆರತಕ್ಷತೆಗೆ ಒಂದು ಹಾಡು ಹಾಡ್ಬೇಕು ಅಂತ ಆಸೆ. ಟ್ರ್ಯಾಕ್ ಎರಡೂವರೆ ಮನೆ ಶ್ರುತಿಯಲ್ಲಿತ್ತು (ಮನೆ ಅಂದ್ರೆ ಹಾರ್ಮೋನಿಯಂ ಕೀಲಿ, ಸಾ ಯಾವ ಕೀಲಿಯಲ್ಲಿ ಅನ್ನೋ ಲೆಕ್ಕ, ಒಂದು ಎರಡು ಅಂದ್ರೆ ಬಿಳಿ ಕೀಲಿ, ಒಂದೂವರೆ ಎರಡೂವರೆ ಅಂದ್ರೆ ಕಪ್ಪು). ಚರಣ ಬಂದಾಗ ಅವರು ಗದ್ದ ಮೇಲಕ್ಕೆ ಎತ್ತೋರು, ಕುತ್ತಿಗೆ ನರ ಉಬ್ಬೋದು, ಕಣ್ಣು ಮುಚ್ಕೊಂಡು ಒಂದು ಕೈಯಲ್ಲಿ ಕುರ್ಚಿ ಹಿಡ್ಕೊಳೋರು. ನಾನು ಟ್ರ್ಯಾಕ್ ನಿಲ್ಲಿಸಿ "ಅಣ್ಣ, ನಿಮ್ಮ ಮನೆ ಅಡ್ರೆಸ್ ನಿಧಾನಕ್ಕೆ ಹೇಳಿ" ಅಂದೆ. ಅವರು ಹೇಳ್ತಾ ಹೋದ್ರು, ನಾನು ಹಾರ್ಮೋನಿಯಂ ಮೇಲೆ ಅವರ ಮಾತಿನ ದನಿ ಹುಡುಕಿದೆ. ಗಂಡಸರ ಮಾತಿನ ದನಿ ಸಾಮಾನ್ಯವಾಗಿ 100ರಿಂದ 130 ಹರ್ಟ್ಜ್ ಆಸುಪಾಸು ಇರತ್ತೆ, ಇವರದ್ದು ಅದರಲ್ಲೂ ಕೆಳಗಿನ ತುದಿ. ಲ್ಯಾಪ್‌ಟಾಪ್‌ನಲ್ಲಿ ಟ್ರ್ಯಾಕನ್ನ ಮೂರು ಸೆಮಿಟೋನ್ ಇಳಿಸಿ ಒಂದು ಮನೆಗೆ ತಂದೆ, ಸೆಮಿಟೋನ್ ಅಂದ್ರೆ ಹಾರ್ಮೋನಿಯಂನಲ್ಲಿ ಪಕ್ಕದ ಮನೆಗೆ ಹೋಗೋದು ಅಷ್ಟೇ, ಬಿಳಿಯಾಗಲಿ ಕಪ್ಪಾಗಲಿ. ಮತ್ತೆ ಹಾಡಿದ್ರು. ಗದ್ದ ಕೆಳಗೇ ಇತ್ತು, ಕುರ್ಚಿ ಮೇಲಿನ ಕೈ ತಾನಾಗೇ ಬಿಟ್ಟೋಯ್ತು, ಎರಡನೇ ಚರಣದಲ್ಲಿ ಮಗಳ ನೆನಪಾಗಿ ದನಿ ಸ್ವಲ್ಪ ನಡುಗ್ತು, ಆ ನಡುಕ ಅಷ್ಟು ಚೆನ್ನಾಗಿತ್ತು ನಾನು ಏನೂ ತಿದ್ದಲಿಲ್ಲ. ಮೊದಲು ಅವರ ಗಮನ ಪೂರ್ತಿ ಎತ್ತರದ ಮೇಲಿತ್ತು, ಈಗ ಮಾತಿನ ಮೇಲೆ ಬಂತು.

ನೀವೂ ಇದನ್ನ ಮನೇಲೇ ಮಾಡ್ಬಹುದು. ಈಗ ಕರೋಕೆ ಆಪ್‌ಗಳು ಹಲವದ್ರಲ್ಲಿ ಕೀ ಬದಲಿಸೋ ಆಯ್ಕೆ ಇದೆ. ಕಂಪ್ಯೂಟರ್ ಇದ್ರೆ ಆಡಾಸಿಟಿ ಅನ್ನೋ ಉಚಿತ ಸಾಫ್ಟ್‌ವೇರ್ ಹಾಕ್ಕೊಳಿ, ಅದ್ರಲ್ಲಿ ಚೇಂಜ್ ಪಿಚ್ ಅಂತ ಇದೆ, ಎಷ್ಟು ಸೆಮಿಟೋನ್ ಅಂತ ಮೈನಸ್ ಹಾಕಿ ಕೊಟ್ರೆ ವೇಗ ಬದಲಾಗದೆ ಶ್ರುತಿ ಮಾತ್ರ ಇಳಿಯತ್ತೆ. ಮೈನಸ್ ಒಂದು, ಎರಡು, ಮೂರು ಅಂತ ಒಂದೊಂದೇ ಇಳಿಸ್ತಾ ಹಾಡಿ ನೋಡಿ. ನಾಲ್ಕಕ್ಕಿಂತ ಜಾಸ್ತಿ ಇಳಿಸಿದ್ರೆ ಕೊಳಲು, ತಬಲ ಎಲ್ಲ ಮಂಕಾಗಿ ಕೇಳತ್ತೆ. ಹಾಗೇ ಪಲ್ಲವಿಯ ಕೆಳಗಿನ ಸ್ವರಗಳ ಮೇಲೂ ಕಣ್ಣಿಡಿ, ಶ್ರುತಿ ಇಳಿಸಿದ ಮೇಲೆ ಅಲ್ಲಿ ದನಿ ಹೋಗಿ ಬರೀ ಉಸಿರು ಬರ್ತಿದ್ರೆ ಆ ಹಾಡಿನ ಹರವೇ, ಅಂದ್ರೆ ಅತೀ ಕೆಳಗಿನ ಸ್ವರದಿಂದ ಅತೀ ಮೇಲಿನ ಸ್ವರದ ತನಕದ ದೂರವೇ, ನಿಮ್ಮ ಹರವಿಗಿಂತ ದೊಡ್ಡದು ಅಂತ. ಅಂಥ ಹಾಡನ್ನ ಕೇಳಿ ಆನಂದಪಡಿ, ಸ್ಟೇಜಿಗೆ ಬೇರೇದು ಆರಿಸ್ಕೊಳಿ.

ಯಾವುದು ಅಂತ ಕೇಳಿದ್ರೆ, ದಪ್ಪ ದನಿಯವರಿಗೆ ನಾನು ಮೊದಲು ಹೇಳೋ ಹೆಸರು ಪಿ.ಬಿ. ಶ್ರೀನಿವಾಸ್. ಅವರ ಎಷ್ಟೋ ಹಾಡುಗಳಲ್ಲಿ ಮಂದ್ರದ, ಅಂದ್ರೆ ಕೆಳಗಿನ ಸ್ವರಗಳ ಕಡೆಯ ಮೃದುತನ ಇದೆ, ಚೀರೋ ಅಗತ್ಯವೇ ಇಲ್ಲ, ಆದ್ರೆ ಶ್ರುತಿ ಒಂದು ಕೂದಲೆಳೆ ಜಾರಿದ್ರೂ ಗೊತ್ತಾಗತ್ತೆ, ಸುಲಭ ಅಂತ ಅಂದ್ಕೋಬೇಡಿ. ಒಂದು ಒಳ್ಳೇ ಪರೀಕ್ಷೆ ಇದೆ. ಡಾ. ರಾಜ್‌ಕುಮಾರ್ ಅವರಿಗೆ ಬಹುಕಾಲ ಪಿಬಿಎಸ್ ಹಾಡ್ತಿದ್ರು, 1974ರ ಸಂಪತ್ತಿಗೆ ಸವಾಲ್ ಆದ್ಮೇಲೆ ಹೆಚ್ಚಾಗಿ ಅಣ್ಣಾವ್ರೇ ತಮ್ಮ ಹಾಡು ಹಾಡ್ತಿದ್ರು. ಅದೇ ನಟ, ಎರಡು ದನಿ. ಆ ಕಾಲದ ಮುಂಚಿನ ನಾಲ್ಕು ಹಾಡು, ಆಮೇಲಿನ ನಾಲ್ಕು ಹಾಡು ತಗೊಂಡು ಹಾಡಿ ನೋಡಿ. ಅಣ್ಣಾವ್ರದ್ದು ರಂಗಭೂಮಿಯಲ್ಲಿ ಪಳಗಿದ ಕಂಠ, ಬಿಚ್ಚಿ ಎಸೆಯೋ ದನಿ. ಯಾವ ಗುಂಪಿನ ಹಾಡು ಹಾಡಿ ಮುಗಿಸಿದಾಗ ನಿಮ್ಮ ಗಂಟಲು ತಂಪಾಗಿರತ್ತೋ ಆ ಕಡೆ ಹೋಗಿ. ಸೋನು ನಿಗಮ್ ಅವರನ್ನ ಬಿಡ್ಬೇಕಿಲ್ಲ, ಎರಡೋ ಮೂರೋ ಇಳಿಸಿ ಹಾಡಿ. ಸ್ಕೇಲ್ ಇಳಿಸೋದು ಅವಮಾನ ಅಂತ ದಯವಿಟ್ಟು ತಿಳ್ಕೋಬೇಡಿ, ನಮ್ಮ ಆರ್ಕೆಸ್ಟ್ರಾದಲ್ಲಿ ಅನುಭವಿ ಗಾಯಕರೇ ಬಂದು "ಇವತ್ತು ಒಂದು ಇಳಿಸ್ಕೊಳಿ" ಅನ್ನೋರು.

ಪ್ರಶ್ನೆ: ನನಗೆ 63, ಪುತ್ತೂರಿನ ಹತ್ತಿರದ ಹಳ್ಳಿ. ಮದುವೆಗೆ ಮುಂಚೆ ಸಂಗೀತ ಕಲಿತಿದ್ದೆ, ಐದೂವರೆ ಮನೆಯಲ್ಲಿ ಹಾಡುತ್ತಿದ್ದೆ. ಈಗ ಸೊಸೆ ಮೊಬೈಲಲ್ಲಿ ಕರೋಕೆ ಹಾಕಿಕೊಟ್ಟಿದ್ದಾಳೆ. ಎಸ್. ಜಾನಕಿ ಹಾಡು ಹಾಡಲಿಕ್ಕೆ ಹೋದರೆ ಮೇಲೆ ದನಿಯೇ ಇಲ್ಲ. ಅಭ್ಯಾಸ ಮಾಡಿದರೆ ಹಿಂದಿನ ದನಿ ಬಂದೀತಾ?

ಉತ್ತರ: ಅಮ್ಮ, ನಿಮ್ಮ ಪತ್ರ ಓದಿ ಬಹಳ ಖುಷಿ ಆಯ್ತು. ಮುಟ್ಟು ನಿಂತ ಮೇಲೆ ಹೆಂಗಸರ ದನಿ ಸ್ವಲ್ಪ ಕೆಳಗಿಳಿಯೋದು, ದಪ್ಪ ಆಗೋದು ಸಹಜ. ಅಭ್ಯಾಸದಿಂದ ಉಸಿರು, ಸ್ಥಿರತೆ ಖಂಡಿತ ವಾಪಸ್ ಬರತ್ತೆ, ಇಪ್ಪತ್ತರ ವಯಸ್ಸಿನ ಮೇಲಿನ ಸ್ವರಗಳು ಪೂರ್ತಿ ಬರತ್ತೆ ಅಂತ ನಾನು ಸುಳ್ಳು ಹೇಳಲ್ಲ. ಆದ್ರೆ ಮೇಲೆ ಹೋದದ್ದು ಕೆಳಗೆ ಬಂದಿರತ್ತೆ, ಮಂದ್ರದಲ್ಲಿ ನಿಮಗೆ ಮುಂಚೆ ಇಲ್ಲದ ತುಂಬು ದನಿ ಈಗ ಇರ್ಬಹುದು, ಹುಡುಕಿ ನೋಡಿ. ಐದೂವರೆ ಬಿಟ್ಟು ನಾಲ್ಕೂವರೆಗೋ ನಾಲ್ಕಕ್ಕೋ ತಂಬೂರಿ ಆಪ್ ಇಟ್ಕೊಂಡು ಬೆಳಿಗ್ಗೆ ಹತ್ತು ನಿಮಿಷ ಬರೀ ಸಾ ಪಾ ಹಿಡೀರಿ, ಒಂದು ತಿಂಗಳು. ಹಾಡಿಗೆ ಭಾವಗೀತೆಗಳ ಕಡೆ ಬನ್ನಿ, ಬೇಂದ್ರೆ, ಕುವೆಂಪು, ಮೈಸೂರು ಮಲ್ಲಿಗೆಯ ಕೆ.ಎಸ್. ನರಸಿಂಹಸ್ವಾಮಿ ಇವರ ಕವಿತೆಗಳಿಗೆ ಹಾಕಿರೋ ಧಾಟಿಗಳಲ್ಲಿ ಎಷ್ಟೋ ಮಧ್ಯ ಸ್ಥಾಯಿಯಲ್ಲೇ ಇವೆ, ಮಾತಿಗೆ ಮರ್ಯಾದೆ ಕೊಡ್ಬೇಕಾದ ಹಾಡುಗಳು, ಅಂಥದಕ್ಕೆ ವಯಸ್ಸಾದ ದನಿ ಬಹಳ ಒಪ್ಪತ್ತೆ. ಸಿ. ಅಶ್ವತ್ಥ್ ಅವರು ಎತ್ತರದಲ್ಲಿ ಹಾಡಿರೋ ಟ್ರ್ಯಾಕ್‌ಗಳನ್ನ ಮಾತ್ರ ಹಾಗೇ ತಗೋಬೇಡಿ.

ಒಂದು ಎಚ್ಚರಿಕೆ, ದನಿ ಕೆಳಗಿಳಿಯೋದು ಬೇರೆ, ಒಡಕಾಗೋದು ಬೇರೆ. ನೆಗಡಿ ಕೆಮ್ಮು ಇಲ್ಲದೆ ದನಿ ಮೂರ್ನಾಲ್ಕು ವಾರ ಒಡಕಾಗೇ ಇದ್ರೆ ಕಷಾಯ, ಜೇಷ್ಠಮಧು ಅಂತ ಕಾಯ್ತಾ ಕೂರದೆ ಕಿವಿ ಮೂಗು ಗಂಟಲಿನ ಡಾಕ್ಟರಿಗೆ ತೋರಿಸಿ.

ಪ್ರಶ್ನೆ: ಸರ, ನನ್ನ ಮಗಗ 13 ನಡದೈತ್ರಿ. ಹೋದ ವರ್ಷ ಶಾಲಿ ಗ್ಯಾದರಿಂಗ್‌ದಾಗ ಭಾಳ ಛಲೋ ಹಾಡಿದ್ದ. ಈಗ ಅದ ಹಾಡು ಹಾಡಾಕ ಹ್ವಾದ್ರ ಧ್ವನಿ ಒಡೀತೈತ್ರಿ, ಹಾಡೂದ ಬಿಟ್ಟಾನ. ಯಾವ ಹಾಡು ಕೊಡೂಣ್ರಿ? (ಹುಬ್ಬಳ್ಳಿ)

ಉತ್ತರ: ಅಮ್ಮ, ಅವನ ದನಿ ಬದಲಾಗ್ತಿದೆ, ಹೆಚ್ಚುಕಮ್ಮಿ ಒಂದು ಸ್ಥಾಯಿ ಕೆಳಗೆ ಇಳಿಯತ್ತೆ. ಇದನ್ನ ಅವನಿಗೆ ಬಿಡಿಸಿ ಹೇಳಿ, ಯಾರೂ ಹೇಳದೇ ಇರೋದ್ರಿಂದಲೇ ಎಷ್ಟೋ ಹುಡುಗರು ನನ್ನ ದನಿ ಕೆಟ್ಟೋಯ್ತು ಅಂತ ಹಾಡೋದು ಬಿಟ್ಬಿಡ್ತಾರೆ. ಈಗ ಹರವು ಚಿಕ್ಕದಿರೋ ಹಾಡು ಕೊಡಿ, ಐದಾರು ಸ್ವರದಲ್ಲೇ ಮುಗಿಯೋ ಜನಪದ ಗೀತೆ, ತತ್ವಪದ, ಇಂಥದ್ದು, ಮೆಲ್ಲಗೆ ಹಾಡ್ಲಿ. ಈ ತಿಂಗಳ ಶ್ರುತಿ ಮುಂದಿನ ತಿಂಗಳಿಗೆ ಹೊಂದದೇ ಇರ್ಬಹುದು, ಅವಾಗವಾಗ ಇಳಿಸ್ತಾ ಹೋಗಿ. ಹಳೇ ಹಾಡನ್ನ ಹಳೇ ಶ್ರುತಿಯಲ್ಲಿ ಹಾಡು ಅಂತ ಒತ್ತಾಯ ಮಾತ್ರ ಮಾಡ್ಬೇಡಿ.

ಪ್ರಶ್ನೆ: ನಾವು ನ್ಯೂಜೆರ್ಸಿಯಲ್ಲಿರೋ ದಂಪತಿ. ಕನ್ನಡ ಸಂಘದ ಯುಗಾದಿ ಕಾರ್ಯಕ್ರಮಕ್ಕೆ ಡ್ಯುಯೆಟ್ ಹಾಡ್ಬೇಕು. ನನಗೆ ಸರಿಯಾದ್ರೆ ಇವಳಿಗೆ ತೀರಾ ಕೆಳಗಾಗತ್ತೆ, ಇವಳಿಗೆ ಸರಿಯಾದ್ರೆ ನಾನು ಕಿರುಚ್ಬೇಕು. ಜೊತೆಗೆ ಮನೇಲಿ ಪ್ರಾಕ್ಟೀಸ್ ಮಾಡೋವಾಗ ತಾಳ ಯಾವಾಗ್ಲೂ ಹಿಂದೆ ಬೀಳತ್ತೆ.

ಉತ್ತರ: ಗಂಡಸರ ಶ್ರುತಿ ಸಾಮಾನ್ಯವಾಗಿ ಒಂದರಿಂದ ಎರಡು ಮನೆ, ಹೆಂಗಸರದ್ದು ನಾಲ್ಕೂವರೆಯಿಂದ ಆರು. ಡ್ಯುಯೆಟ್‌ನಲ್ಲಿ ಇಬ್ಬರಿಗೂ ಇರೋದು ಒಂದೇ ಶ್ರುತಿ, ಸಂಗೀತ ನಿರ್ದೇಶಕರು ಎಸ್‌ಪಿಬಿ, ಜಾನಕಿ ಅಂಥವರ ಹರವು ನೋಡಿ ಆ ಶ್ರುತಿ ಇಟ್ಟಿರ್ತಾರೆ, ನಮ್ಮನಿಮ್ಮಂಥವರಿಗಲ್ಲ. ಹಾಗಾಗಿ ಇಬ್ಬರೂ ಅದೇ ಧಾಟಿಯನ್ನ ಸಾಲು ಹಂಚ್ಕೊಂಡು ಹಾಡೋ ಡ್ಯುಯೆಟ್ ಬಿಟ್ಟು, ಗಂಡಿಗೊಂದು ಹೆಣ್ಣಿಗೊಂದು ಅಂತ ಧಾಟಿ ಬೇರೆ ಬೇರೆ ಇರೋದನ್ನ ಹುಡುಕಿ. ಅದೇ ಹಾಡೇ ಬೇಕು ಅಂದ್ರೆ ಶ್ರುತಿಯನ್ನ ಮೇಡಂ ಅವರಿಗೆ ಹೊಂದಿಸಿ, ನಿಮಗೆ ಎತ್ತರ ಆಗೋ ಸಾಲುಗಳನ್ನ ಅವರಿಗೇ ಕೊಡಿ, ಪಲ್ಲವಿಯ ಕೆಳಗಿನ ಸಾಲು ನೀವು ಇಟ್ಕೊಳಿ. ಸಿನಿಮಾದಲ್ಲಿ ಯಾರು ಹಾಡಿದಾರೋ ಅವರೇ ಹಾಡ್ಬೇಕು ಅಂತ ಏನೂ ಇಲ್ಲ, ಸಾಲು ಅದಲುಬದಲು ಮಾಡಿ ಕಾಗದದಲ್ಲಿ ಎರಡು ಬಣ್ಣದಲ್ಲಿ ಬರ್ಕೊಳಿ. ಎತ್ತರದ ಜಾಗ ಒಂದೇ ಒಂದಿದ್ರೆ ನೀವು ಕಳ್ಳದನಿಯಲ್ಲಿ, ಅಂದ್ರೆ ಪೂರ್ತಿ ದನಿ ಬಿಡದೆ ತೆಳು ಮಾಡ್ಕೊಂಡು, ಮೆಲ್ಲಗೆ ಮುಟ್ಟಿ ಬರ್ಬಹುದು, ನಾಲ್ಕು ಸಾಲು ಹಾಗೆ ಹಾಡೋಕೆ ಹೋಗ್ಬೇಡಿ.

ತಾಳ ಹಿಂದೆ ಬೀಳೋ ವಿಷಯ ಕೇಳಿದ್ರಲ್ಲ, ನೀವು ಬ್ಲೂಟೂತ್ ಇಯರ್‌ಫೋನೋ ಸ್ಪೀಕರೋ ಹಾಕ್ತಿದ್ರೆ ತಪ್ಪು ನಿಮ್ಮದಲ್ಲದೇ ಇರ್ಬಹುದು. ಬ್ಲೂಟೂತಲ್ಲಿ ಶಬ್ದ ಕಿವಿಗೆ ಬರೋಕೆ ಸೆಕೆಂಡಿನ ಹತ್ತನೇ ಒಂದು ಭಾಗ, ಕೆಲವೊಮ್ಮೆ ಅದರ ಎರಡರಷ್ಟು ತಡ ಆಗತ್ತೆ. ನೀವು ಕೇಳಿದ ತಾಳಕ್ಕೆ ಸರಿಯಾಗೇ ಹಾಡ್ತೀರ, ರೆಕಾರ್ಡ್ ಆಗಿದ್ದನ್ನ ಕೇಳಿದ್ರೆ ಹಿಂದೆ ಬಿದ್ದಿರತ್ತೆ, ನಿಧಾನದ ಹಾಡಲ್ಲಿ ಅಷ್ಟು ಗೊತ್ತಾಗಲ್ಲ, ವೇಗದ ಹಾಡಲ್ಲಿ ಪೂರ್ತಿ ಎಡವಟ್ಟು. ವೈರ್ ಇರೋ ಇಯರ್‌ಫೋನ್ ಹಾಕಿ, ಒಂದು ಕಿವಿಗೆ ಮಾತ್ರ ಸಿಕ್ಕಿಸಿ ಇನ್ನೊಂದು ಕಿವಿಯಲ್ಲಿ ನಿಮ್ಮ ದನಿ ಕೇಳಿಸ್ಕೊಳ್ತಾ ಅದೇ ಹಾಡನ್ನ ಇನ್ನೊಂದ್ಸಲ ರೆಕಾರ್ಡ್ ಮಾಡಿ ನೋಡಿ.