ಜಪಾನಿನ ಪ್ಯಾಕೆಟ್ ಮೇಲಿನ ಆ ‘ತೋ’

ವಅಲೈಕುಂ ಅಸ್ಸಲಾಂ ತಮ್ಮಾ,

ಟೋಕಿಯೋಗೆ ಬಂದು ಮೂರು ವಾರ ಆಯ್ತು, ಸಾಲ್ಮನ್ ಮೀನಿನ ಒನಿಗಿರಿ (ಅನ್ನದ ಉಂಡೆ) ಕೊಂಡೆ, ಅದರ ಹಿಂದೆ ‘ಚೋಮಿರ್ಯೋ (ಅಮಿನೋಸಾನ್ ತೋ)’ ಅಂತ ಇದೆ, ಇದು ಹಲಾಲಾ ಅಂತ ಕೇಳಿದ್ದೀಯ. ಊರಲ್ಲಿ ಚಿಪ್ಸ್ ಪ್ಯಾಕೆಟ್ ಮೇಲೆ 627, 631 ಅಂತ ರುಚಿ ಹೆಚ್ಚಿಸುವ ಪದಾರ್ಥಗಳ ನಂಬರ್ ಇದ್ದರೂ ಪಕ್ಕದಲ್ಲಿ ಹಸಿರು ಚುಕ್ಕೆ ಇರುತ್ತಿತ್ತು, ಇಲ್ಲಿ ಅದೂ ಇಲ್ಲ ಅಂದಿದ್ದೀಯ. ನಾನು ಬಂದು 14 ವರ್ಷವಾಯಿತು. ಮೊದಲ ತಿಂಗಳು ಇದೇ ಅನುಮಾನದಲ್ಲಿ ಬರೀ ಅನ್ನ, ಮೊಟ್ಟೆ, ಬಾಳೆಹಣ್ಣು ತಿಂದು ದಿನ ದೂಡಿದ್ದೆ. ನೀನು ಹಾಗೆ ಮಾಡಬೇಡ.

ಚೋಮಿರ್ಯೋ ಅಂದರೆ ರುಚಿಗೆ ಹಾಕುವಂಥದ್ದು. ಅಮಿನೋಸಾನ್ ಅಂದರೆ ಮುಖ್ಯವಾಗಿ ಎಂಎಸ್‌ಜಿ. ಗೋಬಿ ಮಂಚೂರಿ ಗಾಡಿಯವರು ಟೇಸ್ಟಿಂಗ್ ಪೌಡರ್ ಅನ್ನುತ್ತಾರಲ್ಲ, ಅದೇ. ಅದು ಹುಟ್ಟಿದ್ದೂ ನೀನೀಗ ಇರುವ ಊರಲ್ಲೇ. 1908ರಲ್ಲಿ ಕಿಕುನಾಎ ಇಕೆಡ ಅನ್ನುವ ಪ್ರೊಫೆಸರ್ ಕೊಂಬು ಎಂಬ ಕಡಲ ಪಾಚಿಯ ಸಾರಿನಲ್ಲಿ ಆ ರುಚಿಯನ್ನು ಕಂಡುಕೊಂಡರು. ಈಗ ಕಬ್ಬಿನ ಕಾಕಂಬಿ, ಮರಗೆಣಸು, ಮೆಕ್ಕೆಜೋಳ ಇಂಥದ್ದನ್ನು ಬ್ಯಾಕ್ಟೀರಿಯಾದಿಂದ ಹುದುಗಿಸಿ ಮಾಡುತ್ತಾರೆ.

ತೊಡಕು ಇರುವುದು ಕೊನೆಯ ‘ತೋ’ದಲ್ಲಿ. ಅದರ ಅರ್ಥ ‘ಇತ್ಯಾದಿ’. ಆ ಇತ್ಯಾದಿಯೊಳಗೆ ನಿನ್ನ 627, 631 ಕೂತಿರಬಹುದು. ಇಲ್ಲಿನ ನಿಯಮದಲ್ಲಿ ಗುಂಪಿನ ಹೆಸರು ಬರೆದರೆ ಸಾಕು, ಒಂದೊಂದನ್ನೂ ಬರೆಯಬೇಕಾಗಿಲ್ಲ. 631 ಅನ್ನು ಮೀನಿನಿಂದ ತೆಗೆಯಬಹುದು, ಮಾಂಸದಿಂದ ತೆಗೆಯಬಹುದು, ಪಿಷ್ಟ ಹುದುಗಿಸಿಯೂ ಮಾಡಬಹುದು. ಮೀನಿನದ್ದಾದರೆ ನಮಗೆ ಯೋಚನೆಯೇ ಇಲ್ಲ. ಹಂದಿಯದ್ದಾದರೆ? ನಂಬರ್ ನೋಡಿದರೆ ಅದು ಗೊತ್ತಾಗುವುದಿಲ್ಲ. ಅದಕ್ಕೇ ‘631 ಹರಾಂ’ ಅಂತ ವಾಟ್ಸಾಪ್‌ನಲ್ಲಿ ಓಡಾಡುವ ಪಟ್ಟಿಗಳನ್ನು ನಂಬಬೇಡ. ‘ಎಲ್ಲ ಹಲಾಲ್, ಸುಮ್ನೆ ತಿನ್ನು’ ಅನ್ನುವವರನ್ನೂ ನಂಬಬೇಡ.

ಹುದುಗಿಸಿ ಮಾಡಿದ್ದು ಅಂದ ತಕ್ಷಣವೂ ಮಾತು ಮುಗಿಯುವುದಿಲ್ಲ. 2001ರ ಜನವರಿಯಲ್ಲಿ ಇಂಡೋನೇಷ್ಯಾದಲ್ಲಿ ಅಜಿನೊಮೊಟೊ ಪ್ಯಾಕೆಟ್‌ಗಳನ್ನು ಅಂಗಡಿಗಳಿಂದ ವಾಪಸು ತೆಗೆಸಿದರು. ಪುಡಿಯಲ್ಲಿ ಹಂದಿಯ ಅಂಶ ಇತ್ತು ಅಂತಲ್ಲ. ಬ್ಯಾಕ್ಟೀರಿಯಾ ಬೆಳೆಸಲು ಕೊಡುವ ಆಹಾರವನ್ನು ತಯಾರಿಸುವಾಗ ಹಂದಿಯ ಎಂಜೈಮ್ ಬಳಸಿದ್ದರು. ಆಮೇಲೆ ಅದನ್ನು ಬದಲಾಯಿಸಿದರು. ಹೀಗೆ ರೂಪ ಬದಲಾಗಿ ಬಂದದ್ದರ ಬಗ್ಗೆ ಉಲೆಮಾಗಳಲ್ಲಿ ಒಂದೇ ಅಭಿಪ್ರಾಯ ಇಲ್ಲ. ಆ ವಿಷಯ ನಿನ್ನ ಉಸ್ತಾದರ ಹತ್ತಿರ ಕೇಳು, ಅದನ್ನು ನಾನು ಹೇಳುವುದು ಸರಿಯಲ್ಲ.

ನಾನು ಮಾಡುವುದು ಇಷ್ಟು. ಮೊದಲು ‘ಹಂದಿ’ ಅನ್ನುವ ಜಪಾನಿ ಅಕ್ಷರವನ್ನು (豚) ಕಣ್ಣಿಗೆ ಚೆನ್ನಾಗಿ ರೂಢಿ ಮಾಡಿಕೊಂಡೆ. ಒಂಟಿಯಾಗಿ ಬಂದರೆ ‘ಬುತಾ’, ಬೇರೆ ಅಕ್ಷರದ ಜೊತೆ ‘ತೋನ್’ ಅಂತಲೂ ಓದುತ್ತಾರೆ, ಅಕ್ಷರ ಮಾತ್ರ ಒಂದೇ. ಆಮೇಲೆ ಪದಾರ್ಥಗಳ ಪಟ್ಟಿಯ ಕೊನೆಗೆ ಅಲರ್ಜಿಯ ಸಾಲು ನೋಡುತ್ತೇನೆ. ಹಂದಿಮಾಂಸ, ಜೆಲಾಟಿನ್ ಇದ್ದರೆ ಅಲ್ಲಿ ಬರೆಯಿರಿ ಅಂತ ಸರ್ಕಾರದ ಸಲಹೆ ಇದೆ, ಹಾಗಾಗಿ ತುಂಬ ಕಂಪನಿಗಳು ಬರೆಯುತ್ತವೆ. ಮೊದಲ ವರ್ಷ ನಾನು ಎರಡು ತಿಂಗಳು ಕುಡಿದ ತರಕಾರಿ ಸೂಪಿನ ಪ್ಯಾಕೆಟ್ ಮೇಲೆ ಆ ಸಾಲಿನಲ್ಲೇ ‘ಬುತಾನಿಕು’ ಅಂತ ಇತ್ತು. ಗೊತ್ತಾದ ರಾತ್ರಿ ಅತ್ತಿದ್ದೆ. ಆದರೆ ಅದು ಸಲಹೆ ಅಷ್ಟೇ, ಕಡ್ಡಾಯ ಅಲ್ಲ. ಅಲ್ಲಿ ಹಂದಿ ಅಂತ ಇಲ್ಲದಿದ್ದರೆ ಹಂದಿಯೇ ಇಲ್ಲ ಅಂದುಕೊಳ್ಳಬೇಡ.

ಅದಕ್ಕೆ ಕೇಳಬೇಕು. ಜಾಸ್ತಿ ಪ್ಯಾಕೆಟ್‌ಗಳ ಮೇಲೆ ಕಂಪನಿಯ ಫೋನ್ ನಂಬರ್ ಇರುತ್ತದೆ, 0120ರಿಂದ ಶುರುವಾದರೆ ದುಡ್ಡಿಲ್ಲ. ‘ಚೋಮಿರ್ಯೋ ವಾ ದೋಬುತ್ಸು ಯುರಾಯ್ ದೆಸು ಕಾ’ ಅನ್ನು. ರುಚಿಯ ಪದಾರ್ಥ ಪ್ರಾಣಿಯಿಂದ ಬಂದದ್ದಾ ಅಂತ. ‘ಇದು ಹಲಾಲಾ’ ಅಂತ ಕೇಳಿದರೆ ಸರ್ಟಿಫಿಕೇಟ್ ಇಲ್ಲ ಅಂತಷ್ಟೇ ಹೇಳಿ ಮುಗಿಸುತ್ತಾರೆ. ಮೂಲ ಯಾವುದು ಅಂತ ಕೇಳಿದರೆ ವಿಚಾರಿಸಿ ತಿಳಿಸುತ್ತಾರೆ. ನನಗೆ ಎರಡು ದಿನ ಬಿಟ್ಟು ತಾವಾಗಿಯೇ ಫೋನ್ ಮಾಡಿ ಹೇಳಿದವರಿದ್ದಾರೆ. ಉತ್ತರ ಸಿಗದಿದ್ದರೆ ನಾನು ಆ ಪ್ಯಾಕೆಟ್ ತರುವುದಿಲ್ಲ.

ಷೋಯು (ಸೋಯಾ ಸಾಸ್), ಮಿರಿನ್ (ಅಡುಗೆಗೆ ಹಾಕುವ ಅಕ್ಕಿಯ ಸಿಹಿ ಮದ್ಯ) ಇವುಗಳಲ್ಲಿರುವ ಆಲ್ಕೋಹಾಲ್ ವಿಷಯ ಬೇರೆಯೇ ಇದೆ, ಅದನ್ನು ಇನ್ನೊಮ್ಮೆ ಬರೆಯುತ್ತೇನೆ.

ಸದ್ಯಕ್ಕೆ ಮಸಾಲೆ, ಕೋಳಿ, ಹಲಾಲ್ ಗುರುತಿನ ನೂಡಲ್ಸ್‌ಗೆ ಷಿನ್-ಓಕುಬೋ ಸ್ಟೇಷನ್ ಹತ್ತಿರದ ಗಲ್ಲಿಗೆ ಹೋಗು. ಶುಕ್ರವಾರ ರಜೆ ಸಿಕ್ಕರೆ ಯೋಯೋಗಿ-ಉಎಹರಾದ ದೊಡ್ಡ ಮಸೀದಿಗೆ ಬಾ, ಅಲ್ಲೇ ಹಲಾಲ್ ಅಂಗಡಿಯೂ ಇದೆ. ಬರುವಾಗ ಆ ಒನಿಗಿರಿಯ ಕವರ್ ಎಸೆಯದೆ ತಾ, ಜುಮಾ ಮುಗಿದ ಮೇಲೆ ಇಬ್ಬರೂ ಕೂತು ಅದರ ಮೇಲಿನ ನಂಬರಿಗೆ ಫೋನ್ ಮಾಡೋಣ.