ತಂಗಿ ಮದುವೆಗೆ ಹೋದರೆ ಭಕ್ತಿ ಕೆಡುತ್ತಾ?

ಪ್ರಶ್ನೆ: ನನಗೆ 27 ವರ್ಷ. ಎರಡು ವರ್ಷದ ಹಿಂದೆ ಒಂದು ಪ್ರಾರ್ಥನಾ ಕೂಟ ಸೇರಿದೆ. ಕುಡಿತ ಬಿಟ್ಟೆ. ಸಿನಿಮಾ, ಹಾಡು, ಹಳೇ ಗೆಳೆಯರನ್ನೂ ಬಿಟ್ಟೆ. ಮುಂದಿನ ತಿಂಗಳು ತಂಗಿಯ ಮದುವೆ. ಬೆಳಿಗ್ಗೆ ಚರ್ಚಿನಲ್ಲಿ ಮದುವೆ, ಸಂಜೆ ಹಾಡು, ಕುಣಿತ, ಕುಡಿತ ಎಲ್ಲ ಇರುತ್ತದೆ. ಲೋಕದಿಂದ ಬೇರ್ಪಟ್ಟವರು ಅಲ್ಲಿಗೆ ಕಾಲಿಡಬಾರದು ಎನ್ನುತ್ತಾರೆ ಕೂಟದ ಹಿರಿಯರು. ತಂಗಿ ಕೊಟ್ಟ ಕಾರ್ಡನ್ನು ತೆರೆಯದೆ ಬೀರುವಿನ ಮೇಲೆ ಇಟ್ಟಿದ್ದೇನೆ. ಅಮ್ಮ ಮಾತು ಬಿಟ್ಟಿದ್ದಾರೆ. ಏನು ಮಾಡಲಿ?

ಉತ್ತರ: ಎರಡು ವರ್ಷದಿಂದ ಕುಡಿದಿಲ್ಲ ಅನ್ನುವುದನ್ನು ಎರಡೇ ಪದದಲ್ಲಿ ಹೇಳಿ ಮುಗಿಸಿದ್ದೀರಿ. ಅದೇನು ಸಣ್ಣ ವಿಷಯವಲ್ಲ. ಆ ಕೂಟ ನಿಮ್ಮ ಕೈ ಹಿಡಿದಿದೆ. ಅದನ್ನು ಬಿಡಿ ಅಂತ ನಾನು ಹೇಳುವುದಿಲ್ಲ.

ಆದರೆ ಬೇರ್ಪಡುವುದು ಅಂದರೆ ಯಾವುದರಿಂದ? ಹಿರಿಯರು ಹೇಳಿದ ಮಾತು ಬೈಬಲಿನಲ್ಲಿ ಪೌಲ ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ 6ನೇ ಅಧ್ಯಾಯದ್ದಿರಬೇಕು. ಅಲ್ಲಿರುವುದು ವಿಗ್ರಹಾರಾಧನೆಯ ಮಾತು, ನಂಬದವರ ಜೊತೆ ನೊಗ ಹೊರುವ ಮಾತು. ತಂಗಿಯ ಮದುವೆಗೆ ಹೋಗಬೇಡ ಅಂತ ಎಲ್ಲೂ ಇಲ್ಲ.

ಮದುವೆಯ ಮಾತೇ ಬೇಕಿದ್ದರೆ ಯೋಹಾನನ ಸುವಾರ್ತೆಯ 2ನೇ ಅಧ್ಯಾಯ ತೆಗೆಯಿರಿ. ಕಾನಾ ಊರಿನ ಮದುವೆ. ನಿಮಗೆ ಬಾಯಿಪಾಠ ಇರುತ್ತದೆ, ಆದರೂ ಆ ಬಾನೆಗಳನ್ನು ಇನ್ನೊಮ್ಮೆ ನೋಡಿ. ಆರು ಕಲ್ಲಿನ ಬಾನೆಗಳು. ಅವು ಇದ್ದದ್ದು ಶುದ್ಧಾಚಾರದ ನೀರಿಗೆ. ಮೈಲಿಗೆ ತೊಳೆದು ಬೇರೆಯಾಗಿ ಉಳಿಯಲು ಇಟ್ಟ ಬಾನೆಗಳು ಅವು. ಅವುಗಳಿಗೇ ಯೇಸು ಕಂಠದವರೆಗೆ ನೀರು ತುಂಬಿಸಿದ್ದು. ಆ ನೀರೇ ಮದುವೆಮನೆಯ ದ್ರಾಕ್ಷಾರಸವಾಯಿತು. ಪಕ್ಕದಲ್ಲಿ ಅಮ್ಮನೂ ಇದ್ದಳು. ಹಾಗಂತ ನೀವೂ ಕುಡಿಯಿರಿ ಅಂತಲ್ಲ, ದಯವಿಟ್ಟು! ಯೇಸು ಆ ಮದುವೆಯಲ್ಲಿ ಇದ್ದರು, ನಾನು ಹೇಳುವುದು ಅಷ್ಟೇ.

ಇನ್ನೊಂದು ಮಾತು ಸ್ವಲ್ಪ ಖಾರವಾಗಿದೆ. ಮಾರ್ಕನ 7ನೇ ಅಧ್ಯಾಯದಲ್ಲಿ 'ಕೊರ್ಬಾನ್' ಅಂತ ಬರುತ್ತದೆ. ಅಪ್ಪ ಅಮ್ಮನಿಗೆ ಸಲ್ಲಬೇಕಾದದ್ದನ್ನು ದೇವರಿಗೆ ಮುಡಿಪು ಅಂದುಬಿಟ್ಟು ಕೈ ತೊಳೆದುಕೊಳ್ಳುವುದು. ಯೇಸು ಬೈದದ್ದು ಹೀಗೆ ಮಾಡಿಸುತ್ತಿದ್ದ ತುಂಬಾ ಶ್ರದ್ಧೆಯ ಜನರನ್ನು. ತೆರೆಯದ ಆ ಕಾರ್ಡ್ ನೆನೆದಾಗೆಲ್ಲ ನನಗೆ ಈ ಪದವೇ ನೆನಪಾಗುತ್ತಿದೆ. ತಂಗಿಗೆ ಸಲ್ಲಬೇಕಾದ ಒಂದು ದಿನವನ್ನು ನೀವು ಮುಡಿಪು ಮಾಡಿ ಎತ್ತಿಟ್ಟಿದ್ದೀರಿ, ಅಲ್ವಾ?

ಸಂಜೆಯ ವಿಷಯ ಬೇರೆ. ಅಲ್ಲಿ ನಿಮಗೆ ನಿಜವಾದ ಅಪಾಯ ಇರಬಹುದು. ಅದು ಪಾಪದ ಲೆಕ್ಕ ಅಲ್ಲ, ಕುಡಿತ ಬಿಟ್ಟವರ ಲೆಕ್ಕ. ಗ್ಲಾಸು ಕೈಗೆ ಬಂದರೆ ತಡೆದುಕೊಳ್ಳಬಲ್ಲೆ ಅನ್ನುವ ಧೈರ್ಯ ಇಲ್ಲದಿದ್ದರೆ ಊಟ ಮುಗಿಸಿ ಹೊರಟುಬಿಡಿ. ಬೆಳಿಗ್ಗೆಯಿಂದ ಅಣ್ಣನಾಗಿ ಓಡಾಡಿದವನು ಸಂಜೆ ಬೇಗ ಹೊರಟರೆ ಯಾರಿಗೂ ಬೇಜಾರಾಗುವುದಿಲ್ಲ. ಯಾರಾದರೂ ಒತ್ತಾಯ ಮಾಡಿದರೆ 'ಬಿಟ್ಟಿದ್ದೀನಿ' ಅಂದರೆ ಸಾಕು. ಅಲ್ಲಿ ಪ್ರಸಂಗ ಬೇಡ, ಜೇಬಿನಲ್ಲಿ ಕರಪತ್ರವೂ ಬೇಡ.

ಸಿನಿಮಾ, ಹಾಡು ಬಿಟ್ಟದ್ದು ನಿಮ್ಮಿಷ್ಟ. ಹಳೇ ಗೆಳೆಯರಲ್ಲಿ ಕುಡಿಯಲು ಮಾತ್ರ ಕರೆಯುತ್ತಿದ್ದವರು ಹೋದರೆ ಹೋಗಲಿ. ಅವರಲ್ಲಿ ಒಬ್ಬನಾದರೂ ನಿಮ್ಮನ್ನು ಮನೆಗೆ ಹೊತ್ತು ತಂದವನು ಇದ್ದಿರಬಹುದು. ಅವನಿಗೊಂದು ಫೋನ್ ಮಾಡಿ.

ಹಿರಿಯರಿಗೆ ಹೋಗುತ್ತಿದ್ದೇನೆ ಅಂತ ಮೊದಲೇ ತಿಳಿಸಿ. ಹೋಗಲಾ ಅಂತ ಕೇಳಬೇಡಿ. ತಂಗಿಗೆ ಅಮ್ಮನ ಮೂಲಕ ಹೇಳಿಕಳಿಸಬೇಡಿ. ಕಾರ್ಡ್ ಕೆಳಗಿಳಿಸಿ, ಅವಳೆದುರೇ ತೆರೆದು ಓದಿ. ಎಷ್ಟು ಹೊತ್ತಿಗೆ ಬರಬೇಕು, ಯಾವ ಕೆಲಸ ನನಗೆ ಅಂತ ಕೇಳಿ.